ಗಣಕಯಂತ್ರ ನಿಂತಾಗ ಕಾರಣವನ್ನು ಅರಸುವ ಬಗೆ

ಮನೆಯೊಳಗಿನ ವಸ್ತು ಕೆಟ್ಟಾಗ ಮನುಷ್ಯನ ಮನಸ್ಸಿಗೆ ಎರಡು ದಾರಿಗಳು ತೋರುತ್ತವೆ. ಕೆಟ್ಟುದನ್ನು ಹಳಿದು ಬದಿಗೆ ಸರಿಸುವುದು ಒಂದು ದಾರಿ; ಅದು ಏಕೆ ಕೆಟ್ಟಿತೆಂದು ಕುಳಿತು ವಿಚಾರಿಸುವುದು ಇನ್ನೊಂದು ದಾರಿ. ಬೀಸುವ ಕಲ್ಲು ಸರಿಯಾಗಿ ನುರಿಸದಿದ್ದರೆ ಗೂಟ ಸಡಿಲಾಗಿದೆಯೋ, ಕಲ್ಲಿನ ಮೈ ಸವೆದಿದೆಯೋ, ಕಾಳು ಇನ್ನೂ ಹಸಿಯಾಗಿದೆಯೋ ಎಂದು ಹಿರಿಯರು ಒಂದೊಂದನ್ನೇ ಮುಟ್ಟಿ ನೋಡುತ್ತಿದ್ದರು. ಕಲ್ಲನ್ನು ಬೈಯುತ್ತಿರಲಿಲ್ಲ. ಗಣಕಯಂತ್ರದ ವಿಷಯ ಬಂದಾಗ ಮಾತ್ರ ಈ ವಿವೇಕ ಮರೆಯಾಗುವುದನ್ನು ಅನೇಕ ಮನೆಗಳಲ್ಲಿ ಕಾಣಬಹುದು. ಪರದೆ ನೀಲಿಯಾಯಿತು, ಯಂತ್ರ ತಾನಾಗಿಯೇ ಆರಿತು, ಮೌಸ್‌ನ ಬಾಣ ಅಲುಗದೆ ನಿಂತಿತು ಎಂದೊಡನೆ 'ವೈರಸ್ ಬಂದಿದೆ' ಎಂಬುದೊಂದೇ ನಿದಾನ. 'ಫಾರ್ಮ್ಯಾಟ್ ಮಾಡಿಸಿಬಿಡಿ' ಎಂಬುದೊಂದೇ ಚಿಕಿತ್ಸೆ.

ಫಾರ್ಮ್ಯಾಟ್ ಎಂದರೆ ಬರೆದ ಹಲಗೆಯನ್ನು ಒರೆಸಿ ಬರಿದು ಮಾಡುವುದು. ಹಲಗೆಯ ಮೇಲೆ ಬರೆದದ್ದು ಬೇಡವಾದಾಗ ಒರೆಸುವುದು ಸರಿ. ಆದರೆ ಹಲಗೆಯನ್ನು ಇಟ್ಟ ಮಣೆ ಅಲುಗುತ್ತಿರುವಾಗ ಬರಹವನ್ನು ಒರೆಸಿದರೆ ಮಣೆಯ ಅಲುಗಾಟ ನಿಲ್ಲುವುದಿಲ್ಲ; ಬರಹ ಮಾತ್ರ ಹೋಗುತ್ತದೆ. ಕಾರಣವನ್ನರಿಯದ ಪರಿಹಾರ ಕೆಲವೊಮ್ಮೆ ಕೇಡಿಗಿಂತ ಹೆಚ್ಚಿನ ಹಾನಿಯನ್ನು ತರುತ್ತದೆಂಬುದಕ್ಕೆ ಸೇಡಂ ಪಟ್ಟಣದ ಒಂದು ಮನೆಯಲ್ಲಿ ನಡೆದ ಸಂಗತಿಯನ್ನು ಇಲ್ಲಿ ವಿವರಿಸಬಹುದು.

ಯಂತ್ರದೊಳಗೆ ಇದ್ದುದೇನು?

ಆ ಮನೆಯ ಹಿರಿಯರು ನಿವೃತ್ತ ಕನ್ನಡ ಅಧ್ಯಾಪಕರು. ಸೇವೆಯಲ್ಲಿದ್ದಾಗ ಚಿಂಚೋಳಿ ತಾಲ್ಲೂಕಿನ ಹಳ್ಳಿಗಳಲ್ಲಿ ಹಲವು ವರ್ಷ ಕಳೆದವರು. ಕಡಕೋಳ ಮಡಿವಾಳಪ್ಪನವರ ಪರಂಪರೆಯ ತತ್ವಪದಗಳನ್ನು ಏಕತಾರಿ ಹಿಡಿದು ಹಾಡುತ್ತಿದ್ದ ಭಜನಾ ಮಂಡಳಿಯವರು, ಮೊಹರಮ್ಮಿನ ಪದಗಳನ್ನು ಹೇಳುತ್ತಿದ್ದವರು, ಬೀಸುವಾಗ ಕುಟ್ಟುವಾಗ ಹಾಡುತ್ತಿದ್ದ ತಾಯಂದಿರು, ಇವರೆಲ್ಲರ ಧ್ವನಿಯನ್ನು ಅವರು ರಜೆಯ ದಿನಗಳಲ್ಲಿ ಧ್ವನಿಸುರುಳಿಗಳಲ್ಲಿ ಹಿಡಿದಿಟ್ಟಿದ್ದರು. ಆ ಮೇಲೆ ಸುರುಳಿಗಳಿಂದ ಗಣಕಯಂತ್ರಕ್ಕೆ ಇಳಿಸಿದರು, ಪದಗಳ ಪಾಠವನ್ನು ಬೆರಳಚ್ಚು ಮಾಡಿದರು, ಪಾಠಾಂತರಗಳನ್ನು ಗುರುತಿಸಿದರು. ಸುರುಳಿಗಳು ಕಾಲಾಂತರದಲ್ಲಿ ಬೂಷ್ಟು ಹಿಡಿದು ಹಾಳಾದುವು. ಹಾಗಾಗಿ ಎರಡು ದಶಕಗಳ ದುಡಿಮೆ ಒಂದೇ ಪೆಟ್ಟಿಗೆಯೊಳಗೆ, ಒಂದೇ ಹಾರ್ಡ್ ಡಿಸ್ಕಿನೊಳಗೆ ಉಳಿಯಿತು. ಹಾಡಿದವರಲ್ಲಿ ಬಹಳ ಮಂದಿ ಈಗಾಗಲೇ ಲಿಂಗೈಕ್ಯರಾಗಿದ್ದರು.

ಒಂದು ಬೇಸಗೆಯಲ್ಲಿ ಆ ಯಂತ್ರ ನಡುನಡುವೆ ನಿಲ್ಲತೊಡಗಿತು. ಕೆಲವೊಮ್ಮೆ ದೀಪ ಆರಿದಂತೆ ತಟ್ಟನೆ ಆರುತ್ತಿತ್ತು. ಕೆಲವೊಮ್ಮೆ ನೀಲಿ ಪರದೆಯ ಮೇಲೆ ಬಿಳಿಯ ಅಕ್ಷರಗಳು ಮೂಡಿ ಯಂತ್ರ ಮತ್ತೆ ಮೊದಲಿನಿಂದ ಎಚ್ಚರಗೊಳ್ಳುತ್ತಿತ್ತು. ನೋಡಲು ಬಂದ ಪರಿಚಿತರು, "ಫಾರ್ಮ್ಯಾಟ್ ಹೊಡಿಸ್ರಿ ಸರ್, ಹೊಸದರಂಗ ಆಗ್ತದ" ಎಂದರು. ಅಧ್ಯಾಪಕರು ಒಪ್ಪಲಿಲ್ಲ. ವಾಡಿಯಲ್ಲಿ ಗಣಕಯಂತ್ರ ದುರಸ್ತಿಯ ಕಾಯಕದಲ್ಲಿದ್ದ ತಮ್ಮ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಹೇಳಿ ಕಳಿಸಿದರು. ಆತ ಮರುದಿನ ಮುಂಜಾನೆಯ ಗಾಡಿ ಹತ್ತಿ ಚಿತ್ತಾಪುರ, ಮಳಖೇಡ ರೋಡ್ ದಾಟಿ ಸೇಡಂಗೆ ಬಂದಿಳಿದ. ಬಂದವನು ಕೇಳಿದ ಮೊದಲ ಪ್ರಶ್ನೆ ಯಂತ್ರವನ್ನು ಕುರಿತದ್ದಲ್ಲ.

"ಸರ್, ಇದರಾಗ ಏನೇನ್ ಅದ ಅಂತ ಮೊದಲ ಹೇಳ್ರಿ. ಮಷೀನ್ ಆಮ್ಯಾಲ ನೋಡಮು."

"ಹಾಡಿದ ತಾಯಂದಿರ ಧ್ವನಿ ಅದಾವಪ್ಪ ಇದರಾಗ. ಅವರು ಈಗಿಲ್ಲ" ಎಂದರು ಅಧ್ಯಾಪಕರು.

"ಹಂಗಾದ್ರ ಇದನ್ನ ಈಗ ಚಾಲೂ ಮಾಡೂದೇ ಬ್ಯಾಡ್ರಿ."

ಮೊದಲು ಪ್ರತಿ, ಆಮೇಲೆ ದುರಸ್ತಿ

ಆ ಯುವಕನ ಮಾತಿನಲ್ಲಿ ಈ ವಿದ್ಯೆಯ ಮೊದಲ ಸೂತ್ರವಿದೆ. ಯಂತ್ರವನ್ನು ಹಣ ಕೊಟ್ಟು ಮತ್ತೆ ತರಬಹುದು. ಅದರೊಳಗೆ ಮನುಷ್ಯ ಇಟ್ಟುದನ್ನು ತರಲಾಗದು. ಆದ್ದರಿಂದ ಕೆಟ್ಟಿರುವ ಯಂತ್ರವನ್ನು ಪದೇ ಪದೇ ಚಾಲೂ ಮಾಡಿ ಪರೀಕ್ಷಿಸುವ ಮೊದಲು ಅದರಲ್ಲಿರುವುದನ್ನು ಬೇರೆಡೆಗೆ ಪ್ರತಿ ಮಾಡಿಕೊಳ್ಳಬೇಕು. ಪ್ರತಿಯೊಂದು ಸಲ ಯಂತ್ರ ತಟ್ಟನೆ ಆರಿದಾಗಲೂ ಆ ಕ್ಷಣ ಬರೆಯುತ್ತಿದ್ದುದು ಅರ್ಧಕ್ಕೆ ನಿಲ್ಲುತ್ತದೆ, ಕಡತಗಳ ಅನುಕ್ರಮಣಿಕೆ ಕೆಡುವ ಸಂಭವವಿರುತ್ತದೆ. ದುರ್ಬಲವಾಗಿರುವ ಹಾರ್ಡ್ ಡಿಸ್ಕ್ ಓಡಿದಷ್ಟೂ ಅದರ ಆಯುಷ್ಯ ಕುಗ್ಗುತ್ತದೆ.

ಯುವಕನು ಗೋಡೆಯ ಪ್ಲಗ್ ಕಿತ್ತು, ಪೆಟ್ಟಿಗೆಯ ಪಕ್ಕದ ತಗಡನ್ನು ತೆಗೆದು, ಹಾರ್ಡ್ ಡಿಸ್ಕನ್ನು ಬಿಚ್ಚಿ, ಒಂದು ಜೋಡಣೆಯ ಕೇಬಲ್ ಮೂಲಕ ತನ್ನ ಲ್ಯಾಪ್‌ಟಾಪಿಗೆ ಸೇರಿಸಿದ. ಹಾರ್ಡ್ ಡಿಸ್ಕ್ ತನ್ನ ಆರೋಗ್ಯದ ಲೆಕ್ಕವನ್ನು ತಾನೇ ಇಟ್ಟುಕೊಂಡಿರುತ್ತದೆ. ಅದಕ್ಕೆ 'ಸ್ಮಾರ್ಟ್' ಎಂಬ ವ್ಯವಸ್ಥೆಯ ಹೆಸರಿದೆ. ಓದಲು ಬಾರದೆ ಹೋದ ಭಾಗಗಳೆಷ್ಟು, ಕೆಟ್ಟಿವೆಯೆಂದು ಬದಲಿ ಜಾಗಕ್ಕೆ ಸರಿಸಿದ ಭಾಗಗಳೆಷ್ಟು ಎಂಬುದನ್ನು ಉಚಿತವಾಗಿ ದೊರೆಯುವ ತಂತ್ರಾಂಶಗಳಿಂದ ಯಾರಾದರೂ ನೋಡಬಹುದು. ಈ ಎರಡು ಸಂಖ್ಯೆಗಳು ಸೊನ್ನೆಯಾಗಿದ್ದರೆ ಸಮಾಧಾನ. ದಿನದಿಂದ ದಿನಕ್ಕೆ ಏರುತ್ತಿದ್ದರೆ ಆ ಡಿಸ್ಕನ್ನು ನಂಬಬಾರದು. 'ಟಿಕ್ ಟಿಕ್' ಎಂಬ ಸದ್ದು ಬರುತ್ತಿದ್ದರಂತೂ ಅದನ್ನು ಒಡನೆ ನಿಲ್ಲಿಸಿ, ಬಲ್ಲವರ ಕೈಗೆ ಒಪ್ಪಿಸಬೇಕು. ಇಲ್ಲಿ ಓದಲು ಬಾರದ ಕೆಲವು ಭಾಗಗಳು ಕಂಡುವು. ಆದುದರಿಂದ ಮೊದಲು ಧ್ವನಿಗಳು, ಆಮೇಲೆ ಪಾಠಗಳು, ಕೊನೆಗೆ ಚಿತ್ರಗಳು ಎಂಬ ಕ್ರಮದಲ್ಲಿ ಪ್ರತಿ ಮಾಡಲಾಯಿತು. ಯಾವುದು ಮತ್ತೆ ದೊರೆಯಲಾರದೋ ಅದು ಮೊದಲು ಎಂಬುದೇ ಇಲ್ಲಿಯ ನ್ಯಾಯ.

ಪರದೆಯ ಮಾತನ್ನು ಓದುವುದು

ಬೆಡಗಿನ ವಚನವನ್ನು ಮೊದಲ ಸಲ ಓದುವವನಿಗೆ ಅದು ಅಸಂಬದ್ಧವೆಂದೇ ತೋರುತ್ತದೆ. ಟೀಕಾಕಾರನ ನೆರವಿನಿಂದ ಒಂದೊಂದು ಪದದ ಸಂಕೇತ ಬಿಡಿಸಿದಾಗ ಅರ್ಥ ಬೆಳಗುತ್ತದೆ. ನೀಲಿ ಪರದೆಯ ಮೇಲಿನ ಬರಹವೂ ಅಂಥದೇ ಒಂದು ಸಂಕೇತಭಾಷೆ. ಗಾಬರಿಯಿಂದ ಅದನ್ನು ನೋಡದೆ ಬಿಡುವವರೇ ಹೆಚ್ಚು. ಮೊಬೈಲಿನಲ್ಲಿ ಅದರ ಒಂದು ಚಿತ್ರ ತೆಗೆದುಕೊಂಡರೆ ಅರ್ಧ ಕೆಲಸ ಮುಗಿದಂತೆ. ೨೦೨೫ರಿಂದ ವಿಂಡೋಸ್ ೧೧ರಲ್ಲಿ ಈ ಪರದೆಯ ಬಣ್ಣ ಕಪ್ಪಾಗಿದೆ. ಮಾತು ಮಾತ್ರ ಹಳೆಯದೇ.

'ಮೆಮೊರಿ ಮ್ಯಾನೇಜ್‌ಮೆಂಟ್' ಎಂಬ ಮಾತು ಬಂದರೆ ಮೊದಲು ರ‍್ಯಾಮ್ ಎಂಬ ನೆನಪಿನ ಪಟ್ಟಿಯನ್ನು ಶಂಕಿಸಬೇಕು. 'ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್' ಎಂದಿದ್ದರೆ ವ್ಯವಸ್ಥೆಯನ್ನಿಟ್ಟ ಡಿಸ್ಕ್ ಕೈಗೆ ಸಿಗುತ್ತಿಲ್ಲವೆಂದರ್ಥ. ಡಿಸ್ಕನ್ನೂ ಅದರ ಕೇಬಲನ್ನೂ ನೋಡಬೇಕು. 'ವೀಯ' ಎಂಬ ಹೆಸರಿನ ದೋಷ ಪ್ರೊಸೆಸರ್ ಮೊದಲಾದ ಬಿಡಿಭಾಗಗಳು ತಾವೇ ಕೊಟ್ಟ ದೂರು. ಮಾತಿನ ಜೊತೆಗೆ ಯಾವುದಾದರೂ ಕಡತದ ಹೆಸರು ಕಾಣಿಸಿದರೆ, ಹೊಸದಾಗಿ ಹಾಕಿದ ತಂತ್ರಾಂಶವನ್ನೋ ಪ್ರಿಂಟರ್ ಮೊದಲಾದವುಗಳ ಚಾಲಕ ತಂತ್ರಾಂಶವನ್ನೋ ನೆನಪು ಮಾಡಿಕೊಳ್ಳಬೇಕು. ಇವು ಸುಳಿವುಗಳೇ ಹೊರತು ತೀರ್ಪುಗಳಲ್ಲ.

ತಟ್ಟನೆ ಆರುವ ಯಂತ್ರ ಏನನ್ನೂ ಹೇಳದೆ ಹೋಗುತ್ತದೆ. ವಿಂಡೋಸ್ ವ್ಯವಸ್ಥೆಯ ಘಟನೆಗಳ ದಾಖಲೆಯನ್ನು ತೆರೆದು ನೋಡಿದರೆ 'ಕರ್ನಲ್ ಪವರ್ ೪೧' ಎಂಬ ಸಾಲು ಸಿಗುತ್ತದೆ. ಇದನ್ನೇ ಕಾರಣವೆಂದು ತಿಳಿಯುವವರುಂಟು. ಹಾಗಲ್ಲ. 'ಹಿಂದಿನ ಸಲ ನನ್ನನ್ನು ಸರಿಯಾಗಿ ಮುಚ್ಚಲಿಲ್ಲ' ಎಂದಷ್ಟೇ ಅದರ ಅರ್ಥ. ಪರದೆ ಮೌನವಾಗಿ ಆರುವುದು ಬಹುಮಟ್ಟಿಗೆ ಎರಡರಿಂದ: ವಿದ್ಯುತ್ತಿನಿಂದ ಅಥವಾ ಬಿಸಿಯಿಂದ.

ತಂತ್ರಾಂಶದ ದೋಷವೂ ಇಲ್ಲದಿಲ್ಲ. ೨೦೨೪ರ ಜುಲೈ ೧೯ರಂದು ಕ್ರೌಡ್‌ಸ್ಟ್ರೈಕ್ ಎಂಬ ಸುರಕ್ಷಾ ತಂತ್ರಾಂಶದ ಒಂದು ದೋಷಪೂರ್ಣ ಕಡತದಿಂದ ಜಗತ್ತಿನಾದ್ಯಂತ ಸುಮಾರು ೮೫ ಲಕ್ಷ ಯಂತ್ರಗಳಲ್ಲಿ ನೀಲಿ ಪರದೆ ಮೂಡಿತು. ಹೈದರಾಬಾದಿನ ವಿಮಾನ ನಿಲ್ದಾಣದಲ್ಲಿ ಪ್ರಯಾಣಿಕರಿಗೆ ಕೈಯಿಂದ ಬರೆದ ಚೀಟಿಗಳನ್ನು ಕೊಡಬೇಕಾಯಿತು. ಅದಕ್ಕೆ ಹೇಳಿದ ಪರಿಹಾರ ಫಾರ್ಮ್ಯಾಟ್ ಆಗಿರಲಿಲ್ಲ. ಯಂತ್ರವನ್ನು 'ಸೇಫ್ ಮೋಡ್' ಎಂಬ ಮಿತಸ್ಥಿತಿಯಲ್ಲಿ ಎಬ್ಬಿಸಿ, ಆ ಒಂದು ಕಡತವನ್ನು ಅಳಿಸುವುದಾಗಿತ್ತು. ಕಾರಣ ತಿಳಿದಾಗ ಪರಿಹಾರ ಎಷ್ಟು ಚಿಕ್ಕದಾಗುತ್ತದೆಂಬುದಕ್ಕೆ ಇದು ನಿದರ್ಶನ.

ವೇಳೆ ಬರೆದಿಡುವ ಪುಸ್ತಕ

ಡಿಸ್ಕಿನಲ್ಲಿದ್ದುದು ಸುರಕ್ಷಿತವಾದ ಮೇಲೆ ಯುವಕನು ಬೇರೊಂದು ಡಿಸ್ಕಿನಲ್ಲಿ ವಿಂಡೋಸ್ ಹಾಕಿ ಯಂತ್ರವನ್ನು ಮತ್ತೆ ಚಾಲೂ ಮಾಡಿದ. ಒಂದು ನೋಟುಪುಸ್ತಕವನ್ನು ಅಧ್ಯಾಪಕರ ಕೈಗೆ ಕೊಟ್ಟು, ಯಂತ್ರ ನಿಂತಾಗಲೆಲ್ಲ ನಾಲ್ಕು ಸಂಗತಿಗಳನ್ನು ಬರೆಯಲು ಹೇಳಿದ: ವೇಳೆ ಎಷ್ಟು, ಏನು ಕೆಲಸ ನಡೆದಿತ್ತು, ತಟ್ಟನೆ ಆರಿತೋ ಪರದೆ ನೀಲಿಯಾಯಿತೋ, ಆಗ ಮನೆಯ ದೀಪ ಮಂಕಾಗಿತ್ತೋ ಇಲ್ಲವೋ.

ಡಿಸ್ಕ್ ಬದಲಾದರೂ ಯಂತ್ರ ನಿಲ್ಲುವುದು ತಪ್ಪಲಿಲ್ಲ. ಫಾರ್ಮ್ಯಾಟ್ ಮಾಡಿಸಿದ್ದರೆ ಏನೂ ಪ್ರಯೋಜನವಾಗುತ್ತಿರಲಿಲ್ಲವೆಂಬುದು ಇದರಿಂದಲೇ ಸಿದ್ಧವಾಯಿತು. ಒಂಬತ್ತು ದಿನಗಳ ಬರಹವನ್ನು ಓದಿದಾಗ ಮಾತು ಸ್ಪಷ್ಟವಾಯಿತು. ಮುಂಜಾನೆಯ ಹೊತ್ತು ಒಮ್ಮೆಯೂ ನಿಂತಿರಲಿಲ್ಲ. ಮಧ್ಯಾಹ್ನ ಒಂದರಿಂದ ನಾಲ್ಕರೊಳಗೆ, ಅದೂ ಧ್ವನಿಯನ್ನು ಶುದ್ಧಗೊಳಿಸುವ ಭಾರದ ಕೆಲಸ ನಡೆದಾಗ, ಹಲವು ಸಲ ಆರಿತ್ತು. ಸಂಜೆಯ ಹೊತ್ತು ದೀಪ ಮಂಕಾದಾಗ ಎರಡು ಸಲ ಆರಿತ್ತು. ವೇಳೆಯ ಹಂಗಿಲ್ಲದೆ ಮೂರು ಸಲ ನೀಲಿ ಪರದೆ ಬಂದಿತ್ತು. ಒಂದೇ ರೋಗವೆಂದು ಭಾವಿಸಿದ್ದುದು ಮೂರು ರೋಗಗಳಾಗಿದ್ದುವು. ಒಂದನ್ನು ಸರಿಪಡಿಸಿ 'ಮತ್ತೆ ಕೆಟ್ಟಿತು' ಎಂದು ನಿರಾಶರಾಗುವವರು ಈ ಮಾತನ್ನು ಗಮನಿಸಬೇಕು.

ಬಿಸಿ ಮತ್ತು ಕಲ್ಲಿನ ಧೂಳು

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ಸೀಮೆಯಲ್ಲಿ ಹಾಸುಹಾಸಾಗಿ ಸುಣ್ಣಕಲ್ಲು ಹರಡಿದೆ. ಭೂವಿಜ್ಞಾನಿಗಳು ಇದನ್ನು ಭೀಮಾ ಸಮೂಹದ ಶಿಲೆಗಳೆಂದು ಕರೆದು, ಅದರೊಳಗಿನ ವಿಭಾಗಗಳಿಗೆ ಸೇಡಂ ಉಪಸಮೂಹ, ಶಹಾಬಾದ ಸುಣ್ಣಕಲ್ಲು ಎಂದು ಊರುಗಳ ಹೆಸರನ್ನೇ ಇಟ್ಟಿದ್ದಾರೆ. ಮನೆಗಳಿಗೆ ಹಾಸುವ ಫರಸಿ ಇದೇ ಕಲ್ಲು. ಸಿಮೆಂಟಿಗೆ ಮೂಲವೂ ಇದೇ ಕಲ್ಲು. ಕಲ್ಲು ಕೊಯ್ಯುವಲ್ಲಿ, ಪುಡಿ ಮಾಡುವಲ್ಲಿ, ಲಾರಿಗಳು ಓಡಾಡುವಲ್ಲಿ ಏಳುವ ಬಿಳಿಯ ಧೂಳು, ಹೊಲಗಳ ಎರೆಮಣ್ಣಿನ ಧೂಳು, ತೊಗರಿ ಒಡೆಯುವ ಗಿರಣಿಗಳ ಹೊಟ್ಟಿನ ಪುಡಿ, ಇವು ಮೂರೂ ಇಲ್ಲಿಯ ಗಾಳಿಯಲ್ಲಿ ಬೆರೆತಿರುತ್ತವೆ. ಗಣಕಯಂತ್ರದ ಫ್ಯಾನ್ ಹಗಲೆಲ್ಲ ಈ ಗಾಳಿಯನ್ನು ಒಳಗೆಳೆಯುತ್ತದೆ.

ಪ್ರೊಸೆಸರಿನ ಮೇಲೆ ಲೋಹದ ತೆಳ್ಳನೆಯ ರೆಕ್ಕೆಗಳ ಒಂದು ಜೋಡಣೆ ಇರುತ್ತದೆ. ಬಿಸಿಯನ್ನು ಗಾಳಿಗೆ ದಾಟಿಸುವುದು ಅದರ ಕೆಲಸ. ಗಾಳಿಗಿಂತ ತಣ್ಣಗಾಗಲು ಅದಕ್ಕೆ ಸಾಧ್ಯವಿಲ್ಲ. ಒಂದು ಯಂತ್ರ ಭಾರದ ಕೆಲಸದಲ್ಲಿ ಕೋಣೆಗಿಂತ ೪೫ ಡಿಗ್ರಿ ಹೆಚ್ಚು ಬಿಸಿಯಾಗುತ್ತದೆ ಎಂದಿಟ್ಟುಕೊಳ್ಳೋಣ. ಪುಷ್ಯಮಾಸದಲ್ಲಿ ಕೋಣೆ ೨೦ ಡಿಗ್ರಿ ಇದ್ದರೆ ಪ್ರೊಸೆಸರ್ ೬೫ಕ್ಕೆ ನಿಲ್ಲುತ್ತದೆ. ಏಪ್ರಿಲ್ ಮೇ ತಿಂಗಳಲ್ಲಿ ಈ ಸೀಮೆಯ ಮಧ್ಯಾಹ್ನ ೪೦ ಡಿಗ್ರಿ ದಾಟುವುದು ಸಾಮಾನ್ಯ. ಆಗ ಅದೇ ಯಂತ್ರ ೮೫ಕ್ಕೆ ಮುಟ್ಟುತ್ತದೆ. ರೆಕ್ಕೆಗಳ ನಡುವೆ ಧೂಳು ತುಂಬಿ ಗಾಳಿಯ ದಾರಿ ಕಟ್ಟಿದರೆ ನೂರರ ಸಮೀಪಕ್ಕೆ ಏರುತ್ತದೆ. ಅಷ್ಟಾದಾಗ ಪ್ರೊಸೆಸರ್ ಮೊದಲು ತನ್ನ ವೇಗವನ್ನು ತಗ್ಗಿಸುತ್ತದೆ. ಸಾಲದಿದ್ದರೆ ಸುಟ್ಟುಹೋಗದಿರಲೆಂದು ತನ್ನ ಶಕ್ತಿಯನ್ನೇ ಕಡಿಯುತ್ತದೆ. ಹೀಗೆ ಆರುವುದು ಯಂತ್ರದ ಆತ್ಮರಕ್ಷಣೆ. ಅದನ್ನು ದೋಷವೆಂದು ಬೈಯುವುದು ತರವಲ್ಲ.

ಅಧ್ಯಾಪಕರ ಯಂತ್ರದಲ್ಲಿ ಆಗಿದ್ದುದೂ ಇದೇ. ರೆಕ್ಕೆಗಳ ನಡುವೆ ಬೂದುಬಣ್ಣದ ಧೂಳು ಹಿಂದಿನ ಮಳೆಗಾಲದ ಪಸೆಯಿಂದ ತಟ್ಟೆಗಟ್ಟಿ ಕಂಬಳಿಯಂತೆ ಕುಳಿತಿತ್ತು. ಪೆಟ್ಟಿಗೆಯನ್ನು ಅಂಗಳಕ್ಕೆ ಒಯ್ದು, ಮೆತ್ತನೆಯ ಕುಂಚದಿಂದ ಸಡಿಲಿಸಿ, ಊದುವ ಯಂತ್ರದಿಂದ ಹೊರಹಾಕಲಾಯಿತು. ಊದುವಾಗ ಫ್ಯಾನಿನ ಎಲೆಗಳನ್ನು ಬೆರಳಿನಿಂದ ಹಿಡಿದಿರಬೇಕು. ಅತಿವೇಗದಿಂದ ತಿರುಗಿದರೆ ಅದರ ಬೇರಿಂಗ್ ಹಾಳಾಗುತ್ತದೆ. ಒದ್ದೆ ಬಟ್ಟೆ ಸಲ್ಲದು. ಒಳಭಾಗಗಳನ್ನು ಮುಟ್ಟುವ ಮೊದಲು ಪೆಟ್ಟಿಗೆಯ ಬರಿಯ ಲೋಹವನ್ನು ಮುಟ್ಟಿ ಮೈಯಲ್ಲಿರುವ ಸ್ಥಿರವಿದ್ಯುತ್ತನ್ನು ಕಳೆದುಕೊಳ್ಳಬೇಕು. ಪ್ರೊಸೆಸರ್ ಮತ್ತು ರೆಕ್ಕೆಗಳ ನಡುವೆ ಹಚ್ಚಿದ ಲೇಪ ವರ್ಷಗಳು ಕಳೆದಂತೆ ಒಣಗಿ ಬಿರಿಯುತ್ತದೆ. ಅದನ್ನು ಒರೆಸಿ ಕಾಳಿನಷ್ಟು ಹೊಸ ಲೇಪ ಹಚ್ಚಬೇಕು. ಪೆಟ್ಟಿಗೆಯನ್ನು ಗೋಡೆಗೆ ಒತ್ತಿ ಇಡದೆ ಒಂದು ಗೇಣು ಬಿಡಬೇಕು, ನೆಲದಿಂದ ಒಂದು ಮೊಳ ಮೇಲಿಡಬೇಕು. ಇಷ್ಟು ಮಾಡಿದ ದಿನದಿಂದ ಮಧ್ಯಾಹ್ನದ ಆರುವಿಕೆ ನಿಂತಿತು. ಸಂಜೆಯದು ನಿಲ್ಲಲಿಲ್ಲ.

ವಿದ್ಯುತ್ತು ಮತ್ತು ನೆಲ

ಮನೆಯ ಸಮೀಪದಲ್ಲಿ ದೊಡ್ಡ ಮೋಟರ್ ಚಾಲೂ ಆಗುವಾಗ ವೋಲ್ಟೇಜ್ ಕ್ಷಣಕಾಲ ಕುಸಿಯುವುದು ಎಲ್ಲೆಡೆ ಕಾಣುವ ಸಂಗತಿ. ಅಂಥ ಕ್ಷಣವನ್ನು ದಾಟಿಸಲೆಂದೇ ಯುಪಿಎಸ್ ಇರುವುದು. ಅಧ್ಯಾಪಕರ ಮನೆಯಲ್ಲಿ ಯುಪಿಎಸ್ ಇತ್ತು, ಅದರ ದೀಪವೂ ಉರಿಯುತ್ತಿತ್ತು; ಆದರೆ ಒಳಗಿನ ಬ್ಯಾಟರಿ ಸತ್ತಿತ್ತು. ಇಂಥ ಸೀಸದ ಬ್ಯಾಟರಿಯ ಆಯುಷ್ಯ ೨೫ ಡಿಗ್ರಿಯಿಂದ ಪ್ರತಿ ೧೦ ಡಿಗ್ರಿ ಏರಿದಂತೆ ಸುಮಾರು ಅರ್ಧಕ್ಕೆ ಇಳಿಯುತ್ತದೆಂಬ ಲೆಕ್ಕವಿದೆ. ಕಲಬುರಗಿ ಸೀಮೆಯ ಬಿಸಿಲಿನಲ್ಲಿ ಅದು ಬೇಗ ಸಾಯುವುದು ಸಹಜ. ಪರೀಕ್ಷೆ ಸುಲಭ: ಯಂತ್ರದ ಬದಲು ಒಂದು ಬಲ್ಬನ್ನು ಯುಪಿಎಸ್‌ಗೆ ಹಚ್ಚಿ ಗೋಡೆಯ ಸ್ವಿಚ್ ಆರಿಸಬೇಕು. ಬಲ್ಬ್ ಒಡನೆ ಆರಿದರೆ ಬ್ಯಾಟರಿ ಇಲ್ಲವೆಂದೇ ತಿಳಿಯಬೇಕು.

ಇನ್ನೊಂದು ಸಂಗತಿಯನ್ನು ಮನೆಯ ಮಕ್ಕಳು ಹೇಳಿದರು. ಬರಿಗಾಲಲ್ಲಿ ಫರಸಿಯ ಮೇಲೆ ನಿಂತು ಪೆಟ್ಟಿಗೆಯನ್ನು ಮುಟ್ಟಿದರೆ ಬೆರಳಿಗೆ ಜುಮ್ಮೆನ್ನುತ್ತಿತ್ತು. ಇದನ್ನು ಸಣ್ಣ ಮಾತೆಂದು ಬಿಡಬಾರದು. ವಿದ್ಯುತ್ತನ್ನು ಒದಗಿಸುವ ಎಸ್‌ಎಂಪಿಎಸ್ ಎಂಬ ಡಬ್ಬಿಯೊಳಗೆ ಗದ್ದಲವನ್ನು ಸೋಸುವ ಸಣ್ಣ ಕೆಪಾಸಿಟರ್‌ಗಳಿರುತ್ತವೆ. ಅವುಗಳ ಕೊನೆ ಪೆಟ್ಟಿಗೆಯ ಲೋಹಕ್ಕೆ ಸೇರಿರುತ್ತದೆ. ಮೂರನೆಯ ಪಿನ್ನಿನ ಮೂಲಕ ಅರ್ಥಿಂಗ್ ಸರಿಯಾಗಿದ್ದರೆ ಅಲ್ಲಿ ಸೋರಿದ ವಿದ್ಯುತ್ತು ನೆಲಕ್ಕೆ ಇಳಿಯುತ್ತದೆ. ಅರ್ಥಿಂಗ್ ಇಲ್ಲದಿದ್ದರೆ ಪೆಟ್ಟಿಗೆಯ ಮೈ ೨೩೦ ವೋಲ್ಟಿನ ಸುಮಾರು ಅರ್ಧಕ್ಕೆ ತೇಲುತ್ತದೆ. ಹರಿಯುವ ವಿದ್ಯುತ್ತು ತೀರ ಅಲ್ಪವಾದುದರಿಂದ ಜುಮ್ಮೆನ್ನುತ್ತದೆ ಅಷ್ಟೇ. ಆದರೆ ಒಳಗೆ ನಿಜವಾದ ದೋಷವುಂಟಾದ ದಿನ ರಕ್ಷಣೆ ಇರುವುದಿಲ್ಲ, ಪ್ರಾಣಕ್ಕೇ ಅಪಾಯ.

ಮೇಲೆ ಎರೆಮಣ್ಣಿನ ತೆಳುವಾದ ಪದರ, ಕೆಳಗೆ ಗಟ್ಟಿಯಾದ ಕಲ್ಲು ಇರುವ ನೆಲದಲ್ಲಿ ಅರ್ಥಿಂಗ್ ಮಾಡುವುದು ಸುಲಭವಲ್ಲ. ಒಣಗಿದ ಕಲ್ಲು ವಿದ್ಯುತ್ತನ್ನು ಬಿಟ್ಟುಕೊಳ್ಳುವುದಿಲ್ಲ. ಆದುದರಿಂದಲೇ ಗುಂಡಿ ತೋಡಿ ಇದ್ದಿಲು, ಉಪ್ಪು ತುಂಬಿ, ಬೇಸಗೆಯಲ್ಲಿ ನೀರು ಹನಿಸುವ ಪದ್ಧತಿ ಬಂದಿದೆ. ಈ ಮನೆಯ ಗುಂಡಿಗೆ ವರ್ಷಗಳಿಂದ ಯಾರೂ ನೀರು ಕಂಡಿರಿಸಿರಲಿಲ್ಲ. ತಂತಿಯೂ ತುಕ್ಕು ತಿಂದು ಕಳಚಿತ್ತು. ಪರವಾನಗಿಯುಳ್ಳ ಎಲೆಕ್ಟ್ರಿಷಿಯನ್ ಬಂದು ಅದನ್ನು ಸರಿಪಡಿಸಿದ. ಈ ಕೆಲಸವನ್ನು ಬಲ್ಲವರಿಂದಲೇ ಮಾಡಿಸಬೇಕು. ಎಸ್‌ಎಂಪಿಎಸ್ ಡಬ್ಬಿಯನ್ನಂತೂ ಮನೆಯಲ್ಲಿ ತೆರೆಯಲೇಬಾರದು. ಪ್ಲಗ್ ಕಿತ್ತ ಮೇಲೂ ಅದರೊಳಗೆ ಅಪಾಯಕರವಾದ ವಿದ್ಯುತ್ತು ಉಳಿದಿರುತ್ತದೆ. ಹೊರಗಿನಿಂದ ಮೀಟರ್ ಹಿಡಿದು ಅಳೆದರೆ ಸಾಕು. ೧೨ ವೋಲ್ಟಿನ ತಂತಿ ೧೧.೪ರಿಂದ ೧೨.೬ರೊಳಗೆ, ೫ ವೋಲ್ಟಿನದು ೪.೭೫ರಿಂದ ೫.೨೫ರೊಳಗೆ ಇರಬೇಕು. ಹಳೆಯ ಯಂತ್ರಗಳಲ್ಲಿ ಮದರ್‌ಬೋರ್ಡಿನ ಮೇಲಿನ ಕೆಪಾಸಿಟರ್‌ಗಳ ತಲೆ ಉಬ್ಬಿದೆಯೇ ಎಂದೂ ನೋಡಬೇಕು. ೨೦೦೦ದ ದಶಕದ ಆರಂಭದಲ್ಲಿ ಅಂಥ ಕಳಪೆ ಕೆಪಾಸಿಟರ್‌ಗಳಿಂದ ಜಗತ್ತಿನಲ್ಲಿ ಅಸಂಖ್ಯ ಯಂತ್ರಗಳು ಕೆಟ್ಟುವು.

ಒಮ್ಮೆಗೆ ಒಂದೇ

ಉಳಿದದ್ದು ನೀಲಿ ಪರದೆ. ಯಂತ್ರದಲ್ಲಿ ಎರಡು ರ‍್ಯಾಮ್ ಪಟ್ಟಿಗಳಿದ್ದುವು. ಅವುಗಳ ಹೊಳಪಿನ ಅಂಚನ್ನು ಬಿಳಿ ರಬ್ಬರಿನಿಂದ ಮೆಲ್ಲನೆ ಉಜ್ಜಿ ಮತ್ತೆ ಕೂರಿಸಿದಾಗಲೇ ಎಷ್ಟೋ ಯಂತ್ರಗಳು ಸರಿಹೋಗುತ್ತವೆ. ಇಲ್ಲಿ ಹೋಗಲಿಲ್ಲ. ಆಗ ಒಂದು ಪಟ್ಟಿಯನ್ನು ತೆಗೆದಿಟ್ಟು, ಪೆನ್ ಡ್ರೈವಿನಿಂದ ಚಲಿಸುವ 'ಮೆಮ್‌ಟೆಸ್ಟ್' ಎಂಬ ಪರೀಕ್ಷೆಯನ್ನು ರಾತ್ರಿಯಿಡೀ ಓಡಿಸಲಾಯಿತು, ಮರುರಾತ್ರಿ ಇನ್ನೊಂದನ್ನು. ಎರಡನೆಯ ಪಟ್ಟಿಯಲ್ಲಿ ಕೆಂಪು ಸಾಲುಗಳು ಕಂಡುವು. ಅದನ್ನು ಬೇರೆ ಕುಳಿಯಲ್ಲಿ ಕೂರಿಸಿದಾಗಲೂ ಕಂಡುವು. ಪಟ್ಟಿಯೇ ಕೆಟ್ಟಿದೆ, ಕುಳಿಯಲ್ಲ ಎಂಬುದು ಆಗ ನಿಶ್ಚಯವಾಯಿತು.

ಎರಡು ಪಟ್ಟಿಗಳನ್ನೂ ಒಮ್ಮೆಗೇ ಬದಲಿಸಿದ್ದರೆ ಎರಡು ರಾತ್ರಿ ಉಳಿಯುತ್ತಿದ್ದುವು ನಿಜ. ಆದರೆ ಒಳ್ಳೆಯ ಪಟ್ಟಿಯನ್ನೂ ಎಸೆಯಬೇಕಾಗುತ್ತಿತ್ತು. ಕುಳಿಯ ಮೇಲಿನ ಸಂದೇಹವೂ ಉಳಿಯುತ್ತಿತ್ತು. ಒಮ್ಮೆಗೆ ಒಂದೇ ಒಂದನ್ನು ಬದಲಿಸಿ ಫಲವನ್ನು ನೋಡುವವನಿಗೆ ಮಾತ್ರ ಯಾವುದು ಫಲ ಕೊಟ್ಟಿತೆಂಬುದು ತಿಳಿಯುತ್ತದೆ.

ಯಂತ್ರ ಸರಿಹೋದ ಮೇಲೆ ಒಂದು ಕೊನೆಯ ಗಾಬರಿ ಕಾದಿತ್ತು. ಇಪ್ಪತ್ತು ವರ್ಷಗಳ ಹಿಂದಿನ ಪದಗಳ ಪಾಠವನ್ನು ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ, ಚುಕ್ಕೆಗಳ ಅರ್ಥವಿಲ್ಲದ ರಾಶಿ ಕಂಡಿತು. ಕಡತ ಕೆಟ್ಟಿತೆಂದೇ ಎಲ್ಲರೂ ಭಾವಿಸಿದರು. ಕಡತ ಕೆಟ್ಟಿರಲಿಲ್ಲ. ಯುನಿಕೋಡ್ ಬಳಕೆ ವ್ಯಾಪಕವಾಗುವ ಮೊದಲು ನುಡಿ, ಬರಹ ಮೊದಲಾದ ತಂತ್ರಾಂಶಗಳಲ್ಲಿ ಟೈಪು ಮಾಡಿದ ಪಾಠವು ತನ್ನ ಫಾಂಟ್ ಇದ್ದಲ್ಲಿ ಮಾತ್ರ ಕನ್ನಡವಾಗಿ ಕಾಣುತ್ತದೆ. ಫಾಂಟನ್ನು ಮತ್ತೆ ಹಾಕಿದೊಡನೆ ಅಕ್ಷರಗಳು ಮೂಡಿದುವು. ಪರಿವರ್ತಕ ತಂತ್ರಾಂಶದಿಂದ ಅವನ್ನು ಯುನಿಕೋಡಿಗೆ ತಂದು, ಒತ್ತಕ್ಷರಗಳನ್ನೂ ಅರ್ಕಾವತ್ತನ್ನೂ ಮೂಲದೊಡನೆ ಹೋಲಿಸಿ ತಿದ್ದಲು ಅಧ್ಯಾಪಕರಿಗೆ ಒಂದು ತಿಂಗಳು ಹಿಡಿಯಿತು. ಹಳೆಯ ಕಡತಗಳುಳ್ಳ ಶರಣಬಂಧುಗಳು ಈ ಕೆಲಸವನ್ನು ಮುಂದೂಡದಿರುವುದು ಲೇಸು.

ಒಂದೇ ಪ್ರತಿ ಎಂದರೆ ಪ್ರತಿಯೇ ಇಲ್ಲ

ಇದೇ ಸೀಮೆಯ ಚಿತ್ತಾಪುರ ತಾಲ್ಲೂಕಿನ ಸನ್ನತಿಯಲ್ಲಿ ೧೯೮೬ರಲ್ಲಿ ಚಂದ್ರಲಾಂಬಾ ದೇವಾಲಯದ ಆವರಣದ ಕಾಳಿಕಾ ಗುಡಿಯ ಮಾಡು ಕುಸಿಯಿತು. ಆ ಕುಸಿತದಿಂದಾಗಿ, ಪೀಠಕ್ಕೆ ಬಳಸಿದ್ದ ಕಲ್ಲಿನ ಮೇಲೆ ಅಶೋಕನ ಶಾಸನಗಳಿರುವುದು ಬೆಳಕಿಗೆ ಬಂತು. ಕಲ್ಲಿನ ಮೇಲೆ ಬರೆದುದು ಮರೆತರೂ ಎರಡು ಸಾವಿರ ವರ್ಷಕ್ಕೂ ಮಿಕ್ಕಿ ಉಳಿಯಬಲ್ಲದು. ತಾಳೆಗರಿಯ ಬರಹಕ್ಕೆ ಆ ಭಾಗ್ಯವಿಲ್ಲ. ಹುಳು ತಿನ್ನುತ್ತದೆ, ಗರಿ ಮುರಿಯುತ್ತದೆ. ಆದರೂ ಶರಣರ ವಚನಗಳು ಇಂದಿಗೂ ದೊರೆತಿರುವುದು ಮನೆಮನೆಗಳಲ್ಲಿ, ಮಠಗಳಲ್ಲಿ ಪ್ರತಿಕಾರರು ಮತ್ತೆ ಮತ್ತೆ ಪ್ರತಿ ಮಾಡಿದ್ದರಿಂದ. ಫ. ಗು. ಹಳಕಟ್ಟಿಯವರು ಊರೂರು ತಿರುಗಿ ಆ ಕಟ್ಟುಗಳನ್ನು ಕೂಡಿಹಾಕಿ ೧೯೨೩ರಲ್ಲಿ 'ವಚನಶಾಸ್ತ್ರ ಸಾರ'ದ ಮೊದಲ ಭಾಗವನ್ನು ಅಚ್ಚು ಹಾಕಿಸಿದರು. ಒಂದೇ ಮನೆಯಲ್ಲಿ ಒಂದೇ ಕಟ್ಟು ಇದ್ದಿದ್ದರೆ ಅವರ ಕೈಗೆ ಏನು ಸಿಗುತ್ತಿತ್ತೆಂಬುದನ್ನು ಊಹಿಸಿಕೊಳ್ಳಬಹುದು.

ಹಾರ್ಡ್ ಡಿಸ್ಕ್ ತಾಳೆಗರಿಗಿಂತ ಅಲ್ಪಾಯುಷಿ. ಆದುದರಿಂದ ಬೆಲೆಯುಳ್ಳ ಯಾವುದಾದರೂ ಮೂರು ಪ್ರತಿಯಾಗಿರಬೇಕು, ಎರಡು ಬಗೆಯ ಸಾಧನಗಳಲ್ಲಿರಬೇಕು, ಒಂದು ಪ್ರತಿ ಬೇರೆ ಊರಿನಲ್ಲಿರಬೇಕು ಎಂಬುದು ಈ ವಿದ್ಯೆಯನ್ನು ಬಲ್ಲವರ ಮಾತು. ಈಗ ಅಧ್ಯಾಪಕರ ಪದಗಳ ಒಂದು ಪ್ರತಿ ಸೇಡಂನ ಮನೆಯಲ್ಲಿದೆ, ಒಂದು ಶಹಾಬಾದದಲ್ಲಿರುವ ಮಗಳ ಮನೆಯಲ್ಲಿದೆ, ಒಂದು ಅಂತರಜಾಲದ ಸಂಗ್ರಹದಲ್ಲಿದೆ. ವಿಂಡೋಸ್ ೧೦ಕ್ಕೆ ದೊರೆಯುತ್ತಿದ್ದ ಸಾಮಾನ್ಯ ಬೆಂಬಲ ೨೦೨೫ರ ಅಕ್ಟೋಬರ್ ೧೪ಕ್ಕೆ ಮುಗಿದಿದೆ. ಅದನ್ನೇ ಇನ್ನೂ ಬಳಸುತ್ತಿರುವ ಮನೆಗಳಲ್ಲಿ ಈ ಎಚ್ಚರ ಮತ್ತಷ್ಟು ಅಗತ್ಯ.

ಎಲ್ಲವೂ ಉಳಿಯಿತೆಂದು ಹೇಳುವಂತಿಲ್ಲ. ಡಿಸ್ಕಿನ ಕೆಟ್ಟ ಭಾಗದಲ್ಲಿದ್ದ ನಾಲ್ಕು ಧ್ವನಿಕಡತಗಳನ್ನು ಯಾವ ಉಪಾಯದಿಂದಲೂ ಓದಲಾಗಲಿಲ್ಲ.

"ಮೂರು ಸಲ ನೋಡ್ದೆ ಸರ್. ಬರ‍್ಲಾಕತ್ತಿಲ್ಲ" ಎಂದ ಯುವಕ.

ಅವು ನಾಲ್ಕೂ ಚಿಂಚೋಳಿ ತಾಲ್ಲೂಕಿನ ಒಂದೇ ಊರಿನ ಒಬ್ಬ ತಾಯಿ ಬೀಸುತ್ತ ಹಾಡಿದವು. ಪಾಠ ಕಾಗದದ ಮೇಲೆ ಉಳಿದಿತ್ತು, ಕಂಠ ಹೋಗಿತ್ತು. ಮಳೆಗಾಲ ಕಳೆದ ಮೇಲೆ ಅಧ್ಯಾಪಕರು ಬಸ್ಸು ಹಿಡಿದು ಆ ಊರಿಗೆ ಹೋದರು. ಆ ತಾಯಿಯ ಸೊಸೆಗೆ ನಾಲ್ಕರಲ್ಲಿ ಮೂರು ಪದಗಳು ಬರುತ್ತಿದ್ದುವು. ಅತ್ತೆಗಿಂತ ಒಂದು ನುಡಿ ಹೆಚ್ಚಾಗಿಯೇ ಬರುತ್ತಿತ್ತು. ಅದನ್ನು ಬರೆದುಕೊಂಡು, ಧ್ವನಿಯನ್ನು ಹಿಡಿದುಕೊಂಡು, ಅಂದೇ ಸಂಜೆ ಮನೆಗೆ ಬಂದವರು ಕೈಕಾಲು ತೊಳೆಯುವ ಮೊದಲೇ ಮೂರು ಪ್ರತಿ ಮಾಡಿದರು.

ಯಂತ್ರ ಮುಂದೊಂದು ದಿನ ಮತ್ತೆ ನಿಲ್ಲುತ್ತದೆ. ಮಾಡಿದ ವಸ್ತುವೆಲ್ಲ ಕೆಡುವಂಥದೇ. ನಿಂತಾಗ ಬೈಯದೆ, ಬೆದರದೆ, ಮೊದಲು ಇರುವುದನ್ನು ಉಳಿಸಿಕೊಂಡು, ಆಮೇಲೆ ಕಾರಣವನ್ನು ಒಂದೊಂದಾಗಿ ಅರಸುವ ಅಭ್ಯಾಸ ಮನೆಯ ಮಕ್ಕಳಿಗೂ ಬರಲಿ. ಇಂದು ಬಿಡುವಿದ್ದಾಗ ತಮ್ಮ ಮನೆಯ ಗಣಕಯಂತ್ರದಲ್ಲಿ ಮತ್ತೆ ಸಿಗಲಾರದಂಥದು ಏನಿದೆ, ಅದರ ಪ್ರತಿ ಎಲ್ಲಿದೆ ಎಂದು ಒಮ್ಮೆ ನೋಡಿಕೊಳ್ಳಬೇಕಾಗಿ ವಿನಂತಿ.